ತೆಪ್ಪದಕ್ಕ ಬೇಡವೆಂದಿದ್ದಳು

ಹೋದ ತಿಂಗಳು ನಂಜನಗೂಡಿನ ನಮ್ಮ ಬೀದಿಗೆ ಡಾಂಬರು ಹಾಕಿದರು. ಬೆಳಿಗ್ಗೆ ಎಂಟಕ್ಕೆಲ್ಲ ಪೀಪಾಯಿಯ ಕೆಳಗೆ ಸೌದೆ ಒಟ್ಟಿ ಕಾಯಿಸಲು ಶುರುಮಾಡಿದ್ದರು. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ನಾನು ಗೇಟು ಹಿಡಿದು ನಿಂತೇ ಇದ್ದೆ. "ಅಮ್ಮಾ, ಒಳಗೆ ಬಾ, ಆ ಹೊಗೆ ಯಾಕೆ ಕುಡೀತೀಯ" ಎಂದು ಮಗಳು ಒಳಗಿನಿಂದ ಕೂಗಿದಳು. ನನಗೆ ಕಾಲು ಬರಲಿಲ್ಲ.

ಕಾದ ಡಾಂಬರಿನ ಆ ಘಾಟು... ಇಪ್ಪತ್ತೆರಡು ವರ್ಷದ ಹಿಂದೆ, ಬೇಸಿಗೆ ಮುಗಿಯುವ ಹೊತ್ತಿಗೆ, ಕಪಿಲೆಯ ದಡದಲ್ಲಿ ಒಬ್ಬ ಹೆಂಗಸು ತನ್ನ ತೆಪ್ಪವನ್ನು ಬೋರಲು ಹಾಕಿಕೊಂಡು, ಬಿದಿರಿನ ಹಂದರಕ್ಕೆ ಹೊಲಿದಿದ್ದ ಗೊಬ್ಬರದ ಚೀಲಗಳ ಮೇಲೆ ಮೋಟು ಪೊರಕೆಯಿಂದ ಡಾಂಬರು ಬಳಿಯುತ್ತಿದ್ದಳು. ಅವಳ ಸೀರೆಗೂ, ಕೈಗೂ, ಅವಳು ಕೊಡುತ್ತಿದ್ದ ಅವರೆಕಾಯಿಗೂ ಅದೇ ವಾಸನೆ ಇರುತ್ತಿತ್ತು. ಊರಿನವರೆಲ್ಲ ಅವಳನ್ನು ತೆಪ್ಪದಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಇಲ್ಲಿಯೂ ಹಾಗೇ ಕರೆಯುತ್ತೇನೆ.

ಆಗ ನಾನು ನದಿಯ ಆಚೆ ದಡದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ನಂಜನಗೂಡಿನಿಂದ ನರಸೀಪುರದ ರಸ್ತೆಯ ಬಸ್ಸು ಹತ್ತಿ, ಒಂದು ಕವಲಿನಲ್ಲಿ ಇಳಿದು, ಕಬ್ಬಿನ ಗದ್ದೆಯ ಬದುವಿನ ಮೇಲೆ ಒಂದು ಮೈಲಿ ನಡೆದರೆ ಹೊಳೆ. ಸೇತುವೆ ಇರಲಿಲ್ಲ. ರಸ್ತೆಯಲ್ಲೇ ಸುತ್ತಿಕೊಂಡು ಹೋಗಬೇಕೆಂದರೆ ಎರಡು ಬಸ್ಸು ಬದಲಿಸಿ ಅರ್ಧ ದಿನ ಕಳೆಯಬೇಕಿತ್ತು. ಹಾಗಾಗಿ ನಾನು, ಹಾಲಿನ ಕ್ಯಾನಿನವರು, ಆಸ್ಪತ್ರೆಗೆ ಹೋಗುವ ಬಸುರಿಯರು, ಎಲ್ಲರೂ ತೆಪ್ಪದಕ್ಕನನ್ನೇ ನಂಬಿಕೊಂಡಿದ್ದೆವು.

ತೆಪ್ಪ ಮೊದಲು ಅವಳ ಗಂಡನದಾಗಿತ್ತು. ಅವನು ಹಾವು ಕಚ್ಚಿ ಸತ್ತ ಮೇಲೆ ಹದಿನೈದು ದಿನ ತೆಪ್ಪ ದಡದಲ್ಲೇ ಬಿದ್ದಿತ್ತಂತೆ. ಹದಿನಾರನೆಯ ದಿನ ಇವಳು ಸೀರೆ ಎತ್ತಿ ಕಟ್ಟಿ ಹುಟ್ಟು ಹಿಡಿದಳಂತೆ. ಹೆಂಗಸು ಹುಟ್ಟು ಹಾಕಿದರೆ ತೆಪ್ಪ ಹತ್ತುವುದಿಲ್ಲ ಎಂದವರು ಒಂದು ವಾರ ಹಟ ಮಾಡಿ, ಆಮೇಲೆ ಹತ್ತಿದರಂತೆ. ಮಕ್ಕಳಿರಲಿಲ್ಲ. ತಂಗಿಯೊಬ್ಬಳು ಅದೇ ಊರಿನಲ್ಲಿದ್ದಳು.

ನನ್ನ ಬಸ್ಸು ತಡವಾದರೆ ಉಳಿದವರನ್ನು ದಾಟಿಸಿ ಮತ್ತೆ ಬಂದು ಕಾಯುತ್ತಿದ್ದಳು. "ಟೀಚರವ್ವ, ನಿಮ್ ಬಸ್ಸು ಇವತ್ತೂ ಮಲೀಕಂಡಿತ್ತಾ?" ಎಂದು ಗದರುತ್ತಿದ್ದಳು. ಸೀರೆ ನೆನೆಯದಿರಲಿ ಎಂದು ನನಗಾಗಿ ಒಂದು ಹಲಗೆ ಇಟ್ಟಿದ್ದಳು. ಅದರ ಮೇಲೆ ಬೇರೆಯವರನ್ನು ಕೂರಲು ಬಿಡುತ್ತಿರಲಿಲ್ಲ. ನನ್ನ ಮಗಳಿಗೆ ಉಬ್ಬಸ ಇದೆಯೆಂದು ಗೊತ್ತಾದ ಮೇಲೆ ವಾರಕ್ಕೊಮ್ಮೆ ಆಡುಸೋಗೆ ಸೊಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಮಗುವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಆದರೂ ದಿನಾ ಮೊದಲು ಕೇಳುತ್ತಿದ್ದುದು ಅದನ್ನೇ. "ಮಗು ರಾತ್ರಿ ಮಲಗ್ತಾ?"

ನಾವು ದಾಟುವ ಜಾಗದಿಂದ ಕೂಗಳತೆ ಕೆಳಗೆ ಹೊಳೆ ಎರಡು ಬಂಡೆಗಳ ನಡುವೆ ನುಗ್ಗಿ ಹೋಗುತ್ತಿತ್ತು. ಅಲ್ಲಿನ ಕಲ್ಲು ಬೇರೆ ಕಡೆಯ ಹಾಗೆ ಕಪ್ಪಲ್ಲ, ಬೆಳ್ಳಗೆ. ಹಿಂದೆ ಅದನ್ನು ಒಡೆದು ಸುಟ್ಟು ಸುಣ್ಣ ಮಾಡುತ್ತಿದ್ದರಂತೆ. ಅದಕ್ಕೇ ಊರಿನವರು ಆ ಇಕ್ಕಟ್ಟನ್ನು ಸುಣ್ಣದ ಕಂಡಿ ಎನ್ನುತ್ತಿದ್ದರು. ದಡದಲ್ಲಿ ನಿಂತರೆ ಅದರ ಸದ್ದು ಕೇಳುತ್ತಿತ್ತು. ಶಾಲೆಯ ಕಿಟಕಿಗೂ ಕೇಳುತ್ತಿತ್ತು.

ಒಂದು ಡಿಸೆಂಬರ್ ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಬಂದಾಗ ತೆಪ್ಪದಕ್ಕ ಒಬ್ಬಳೇ ಇದ್ದಳು. ಹೊಳೆ ಇಳಿದು ತಿಳಿಯಾಗಿತ್ತು. "ಕಂಡಿ ಒಳೀಕೆ ಓಗ್ಬುಟ್ಟು ಬರಮಾ? ಈಗ ಓದ್ರೆ ಎದ್ರಿಕೆ ಇಲ್ಲ" ಎಂದಳು. ನಾನು ಹೂಂ ಎಂದೆ. ಈಗಲೂ ಕಣ್ಣು ಮುಚ್ಚಿದರೆ ಆ ಅರ್ಧ ಗಂಟೆ ಹಾಗೇ ಇದೆ.

ಮೊದಲು ನೀರು ಸುಮ್ಮನಿತ್ತು. ಆಮೇಲೆ ತೆಪ್ಪದ ತಳಕ್ಕೆ ಯಾರೋ ಬೆರಳಿನಿಂದ ತಟ್ಟಿದ ಹಾಗಾಯಿತು. ಎರಡೂ ಕಡೆ ಬಿಳಿ ಬಂಡೆ ಎದ್ದು ಬಂತು. ಆಳೆತ್ತರ, ಎರಡಾಳೆತ್ತರ. ನೀರು ತಿಂದು ತಿಂದು ಬಂಡೆಯಲ್ಲಿ ಗೂಡುಗಳಾಗಿದ್ದವು. ಒಂದು ಗೂಡಿನಿಂದ ಮಿಂಚುಳ್ಳಿ ಹಾರಿ ನಮ್ಮ ತಲೆಯ ಮೇಲೇ ಹೋಯಿತು. ಬಿಸಿಲು ಬಂಡೆಗೆ ಬಿದ್ದು, ಬಂಡೆಯಿಂದ ನೀರಿಗೆ ಬಿದ್ದು, ನೀರಿನಿಂದ ಅವಳ ಮುಖಕ್ಕೆ ಬಿದ್ದು ಅಲ್ಲಾಡುತ್ತಿತ್ತು. ನೊರೆಯ ಮೇಲೆ ಹೋಗುವಾಗ ನಾನು ಕಿರುಚಿದೆ. ಅವಳು ಹುಟ್ಟನ್ನು ಒಂದು ಸಲ ಅದ್ದಿ ಎಳೆದಳು, ಅಷ್ಟೇ. ತೆಪ್ಪ ಪೂರ್ತಿ ಒಂದು ಸುತ್ತು ತಿರುಗಿ, ಯಾವ ಕಲ್ಲಿಗೂ ತಾಗದೆ ಕೆಳಗಿನ ಮಡುವಿಗೆ ಜಾರಿ ನಿಂತಿತು.

"ನೀರ ನೋಡ್ಬಾರ್ದು ಕಣವ್ವ, ನೀರು ಎಲ್ಲೀಗೋಯ್ತದೆ ಅನ್ನಾದ ನೋಡ್ಬೇಕು" ಎಂದಳು. ಅವಳ ಗಂಡ ಹೇಳಿಕೊಟ್ಟಿದ್ದಂತೆ. ಇಬ್ಬರೂ ಮದುವೆಯಾದ ಹೊಸದರಲ್ಲಿ ಸಂಜೆ ಹೊತ್ತು ಇಲ್ಲಿಗೆ ಬರುತ್ತಿದ್ದರಂತೆ. ಅವನು ಸತ್ತ ಮೇಲೆ ಯಾರನ್ನೂ ಕರೆತಂದಿರಲಿಲ್ಲ, ನನ್ನನ್ನೇ ಮೊದಲು... ಆ ಮಡುವಿನಲ್ಲಿ ಅವಳು ನಗುತ್ತಿದ್ದಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಮುಂದಿನ ಜುಲೈನ ಒಂದು ಬುಧವಾರ ಮೈಸೂರಿನಲ್ಲಿ ವರ್ಗಾವಣೆಯ ಕೌನ್ಸೆಲಿಂಗ್ ಇತ್ತು. ನನ್ನ ಸರದಿ ಮಧ್ಯಾಹ್ನದ ಹೊತ್ತಿಗೆ. ಹೆಸರು ಕರೆದಾಗ ಎದುರಿಗಿರದಿದ್ದರೆ ಆ ವರ್ಷದ ಅವಕಾಶ ಮುಗಿಯಿತು. ಬದನವಾಳಿನ ಕಡೆ ಒಂದು ಜಾಗ ಖಾಲಿ ಇತ್ತು. ಮನೆಯಿಂದ ಒಂದೇ ಬಸ್ಸು, ನಾಲ್ಕೂವರೆಗೆ ಮಗಳ ಹತ್ತಿರ ಇರಬಹುದಿತ್ತು. ಮೂರು ವರ್ಷದ ಮಗು ಹಿಂದಿನ ದಿನವೂ ಉಸಿರಿಗೆ ಒದ್ದಾಡಿತ್ತು, ನಾನು ಶಾಲೆಗೆ ಹೋಗಿರಲಿಲ್ಲ. ಅರ್ಜಿಗೆ ಹೆಡ್ಮಾಸ್ಟರ ಸಹಿ, ಶಾಲೆಯ ಮೊಹರು ಬೇಕಿತ್ತು. ಅವರ ಮನೆ ನರಸೀಪುರದಲ್ಲಿ. ವಾರವೆಲ್ಲ ಹಳ್ಳಿಯ ರೂಮಿನಲ್ಲಿರುತ್ತಿದ್ದರು. ಹಾಗಾಗಿ ಬೆಳಿಗ್ಗೆ ಬೇಗ ಹೊಳೆ ದಾಟಿ ಹೋಗಿ ಸಹಿ ಹಾಕಿಸಿಕೊಂಡೆ.

ಮೇಲಿನ ಅಣೆಕಟ್ಟೆಯಿಂದ ನೀರು ಬಿಡುತ್ತಾರೆಂದು ಹಿಂದಿನ ದಿನವೇ ದಡದ ಊರುಗಳಲ್ಲೆಲ್ಲ ಡಂಗುರ ಹೊಡೆದಿದ್ದರು. ನನಗೂ ಗೊತ್ತಿತ್ತು. ಬೆಳಿಗ್ಗೆ ದಾಟುವಾಗ ನೀರು ಸ್ವಲ್ಪ ಏರಿತ್ತು. ಒಂಬತ್ತು ಗಂಟೆಗೆ ವಾಪಸು ದಡಕ್ಕೆ ಬಂದಾಗ ದಿನಾ ತೆಪ್ಪ ಕಟ್ಟುವ ಗೂಟ ಮುಳುಗಿಹೋಗಿತ್ತು. ಹೊಳೆ ಕೆಂಪಗಾಗಿತ್ತು. ತೆಪ್ಪದಕ್ಕ ತೆಪ್ಪವನ್ನು ಮೇಲೆ ಎಳೆದು ಹೊಂಗೆ ಮರಕ್ಕೆ ಕಟ್ಟುತ್ತಿದ್ದಳು.

"ಬ್ಯಾಡ ಕಣವ್ವ. ಇವತ್ತು ಒಳೆ ಸರಿ ಇಲ್ಲ. ನಾಳೀಕೆ ಓಗೀರಿ" ಎಂದಳು.

ನಾಳೆ ಹೋಗಿ ಪ್ರಯೋಜನವಿಲ್ಲ ಎಂದೆ. ವಿವರಿಸಿದೆ. ಬೇಡಿಕೊಂಡೆ. ಅವಳು ತಲೆಯಾಡಿಸುತ್ತಲೇ ಗಂಟು ಬಿಗಿದಳು. "ಮೂರು ಸಲ ಏಳ್ತೀನಿ ಟೀಚರವ್ವ, ಬ್ಯಾಡ. ನನ್ನ ಗಂಡ ಇದ್ದಿದ್ರೂ ಇಂತಾ ನೀರ್ಗೆ ಇಳೀತಿರ್ನಿಲ್ಲ."

ಆಗ ನಾನು ಆ ಮಾತು ಆಡಿದೆ. ಹಾಗೆ ಆಡಿದೆನೆಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ.

"ನಿನಗೆ ಮಕ್ಕಳಿಲ್ಲ ಅಕ್ಕ. ಮಗು ಉಸಿರು ಸಿಗದೆ ನೀಲಿಯಾಗೋದು ಅಂದ್ರೆ ಏನೂಂತ ನಿನಗೆಲ್ಲಿ ಗೊತ್ತಾಗುತ್ತೆ?"

ಅವಳ ಕೈ ಗಂಟಿನ ಮೇಲೆ ಹಾಗೇ ನಿಂತಿತು. ನನ್ನ ಮುಖ ನೋಡಲಿಲ್ಲ. ಒಂದಿಷ್ಟು ಹೊತ್ತು ಹೊಳೆಯ ಕಡೆ ನೋಡಿದಳು. ಆಮೇಲೆ ಹಗ್ಗ ಬಿಚ್ಚಿದಳು.

ಅಷ್ಟರಲ್ಲಿ ಹೆಡ್ಮಾಸ್ಟರು ಓಡುತ್ತಾ ಬಂದರು. ನೀರು ಜಾಸ್ತಿಯಾಗಿದೆ ಎಂದು ಯಾರೋ ಹೇಳಿದ್ದರಂತೆ. ಅವರೂ ಬೇಡವೆಂದರು. ನಾನು ಆಗಲೇ ಹಲಗೆಯ ಮೇಲೆ ಕೂತಿದ್ದೆ. ಅವರು ಒಂದು ಕ್ಷಣ ನಿಂತು, ಪಂಚೆ ಎತ್ತಿಕಟ್ಟಿ, "ನಿಮ್ಮನ್ನೊಬ್ರನ್ನೇ ಹೆಂಗೆ ಕಳಿಸ್ಲಿ ಮೇಡಂ, ಆಚೆ ದಡ ಮುಟ್ಟಿಸಿ ಬತ್ತೀನಿ" ಎಂದು ಹತ್ತಿದರು. ನಿವೃತ್ತಿಗೆ ಎರಡು ವರ್ಷವಿತ್ತು ಅವರಿಗೆ.

ಅರ್ಧ ಹೊಳೆಯವರೆಗೆ ಬಂದೆವು. ಆಮೇಲೆ ತೆಪ್ಪ ಅವಳ ಮಾತು ಕೇಳಲಿಲ್ಲ. ಅವಳು ಮೊಣಕಾಲೂರಿ, ಇಡೀ ಮೈ ಹಾಕಿ ಹುಟ್ಟು ಎಳೆಯುತ್ತಿದ್ದಳು. ದಡ ಮಾತ್ರ ಪಕ್ಕಕ್ಕೆ ಸರಿದು ಸರಿದು ಹೋಗುತ್ತಿತ್ತು. ಕಂಡಿಯ ಸದ್ದು ಜೋರಾಗುತ್ತಾ ಬಂತು. "ಕುಂತ್ಕಳಿ! ಯಾರೂ ಎದ್ದೇಳ್ಬ್ಯಾಡಿ!" ಎಂದು ಕೂಗಿದಳು. ಡಿಸೆಂಬರಿನಲ್ಲಿ ಎರಡಾಳೆತ್ತರವಿದ್ದ ಬಿಳಿ ಬಂಡೆ ಈಗ ನೀರಿನಿಂದ ಒಂದು ಮೊಳ ಮೇಲಿತ್ತು. ಆ ನೀರಿನಲ್ಲಿ ಅವಳು ನಮ್ಮನ್ನು ಕಂಡಿಯೊಳಗಿನಿಂದ ಹೇಗೆ ದಾಟಿಸಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೂರು ಸಲ ಕಲ್ಲಿಗೆ ಬಡಿಯುವುದರಲ್ಲಿತ್ತು, ಮೂರು ಸಲವೂ ತಪ್ಪಿಸಿದಳು. ಕೊನೆಯಲ್ಲಿ, ಬಂಡೆ ಮುಗಿಯುವ ಕಡೆ, ನೀರಿಗೆ ಬಾಗಿದ್ದ ಅತ್ತಿ ಮರದ ಬೇರಿನ ಹತ್ತಿರಕ್ಕೆ ತೆಪ್ಪವನ್ನು ಒತ್ತಿ ಹಿಡಿದು "ಇಡ್ಕಳಿ, ಇಡ್ಕಳಿ!" ಎಂದಳು.

ಹೆಡ್ಮಾಸ್ಟರ ಕೈಗೆ ಬೇರು ಮೊದಲು ಸಿಕ್ಕಿತ್ತು. ಅವರು ಅದನ್ನು ಹಿಡಿದು ಮೇಲೇರಬಹುದಿತ್ತು. ಏರಲಿಲ್ಲ. ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಮೇಲಕ್ಕೆ ನೂಕಿದರು. ನಾನು ಬೇರನ್ನು ತಬ್ಬಿಕೊಂಡೆ. ಅದೇ ರಭಸಕ್ಕೆ ತೆಪ್ಪ ಹಿಂದಕ್ಕೆ ಹೋಗಿ ಮಗುಚಿತು. ತೆಪ್ಪದಕ್ಕ ನೀರಿನಿಂದ ತಲೆಯೆತ್ತಿದಳು, ಸುತ್ತ ನೋಡಿದಳು, ದಡದ ಕಡೆ ಬರದೆ ಮತ್ತೆ ನೀರೊಳಗೆ ಮುಳುಗಿದಳು. ಹೆಡ್ಮಾಸ್ಟರನ್ನು ಹುಡುಕಿಕೊಂಡು. ಅಷ್ಟು ನೋಡಿದೆ...

ಅರ್ಧ ಮೈಲಿ ಕೆಳಗೆ ಜೊಂಡಿನಲ್ಲಿ ಅವಳು ಸಿಕ್ಕಳಂತೆ, ಉಸಿರಿತ್ತು, ಮುಷ್ಟಿಯಲ್ಲಿ ಹೆಡ್ಮಾಸ್ಟರ ಅಂಗಿಯ ಹರಿದ ಕಾಲರು. ಅವರ ಹೆಣ ಸಿಕ್ಕಿದ್ದು ಮೂರನೆಯ ದಿನ.

ತೆಪ್ಪ ಮಗುಚಿದ ಮರುದಿನವೇ, ನನ್ನನ್ನು ಸೇರಿಸಿದ್ದ ಆಸ್ಪತ್ರೆಗೆ ಪೊಲೀಸರು ಹೇಳಿಕೆ ಬರೆದುಕೊಳ್ಳಲು ಬಂದರು. ಅಧಿಕಾರಿ ಒಳ್ಳೆಯವರು, ಮೆತ್ತಗೆ ಮಾತಾಡಿದರು. ಪಕ್ಕದಲ್ಲಿ ಒಬ್ಬರು ಬರೆದುಕೊಳ್ಳುತ್ತಿದ್ದರು. ನನ್ನ ಮಗಳು ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

"ನೀರು ಬಂದದೆ, ಹೋಗೋದು ಬೇಡ ಅಂತ ಆಯಮ್ಮ ಏನಾದ್ರೂ ಹೇಳಿದ್ರಾ ಮೇಡಂ?"

"ಇಲ್ಲ" ಎಂದೆ.

ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಯಾರೂ ಹೆದರಿಸಿರಲಿಲ್ಲ. ಹೊರಗೆ ಹೆಡ್ಮಾಸ್ಟರ ಹೆಂಡತಿ ಅಳುತ್ತಿದ್ದುದು ಕೇಳುತ್ತಿತ್ತು. ಹೌದು ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು. ಅದಕ್ಕೆ ಉತ್ತರ ನಾನಾಗಿದ್ದೆ. ಇಲ್ಲ ಎಂದಮೇಲೆ ಮುಂದಿನ ಪ್ರಶ್ನೆ ಬರಲಿಲ್ಲ. ಸಹಿ ಹಾಕಿದೆ.

ತೆಪ್ಪದಕ್ಕನ ಮೇಲೆ ಕೇಸಾಯಿತು. ಬೇಡ ಅಂದಿದ್ದೆ, ಮೂರು ಸಲ ಅಂದಿದ್ದೆ ಎಂದು ಅವಳು ಎಲ್ಲರಿಗೂ ಹೇಳಿದಳಂತೆ. ಓದಿದ ಟೀಚರ ಹೇಳಿಕೆಯ ಎದುರು ಹೆಬ್ಬೆಟ್ಟಿನವಳ ಮಾತು ಯಾರು ಕೇಳುತ್ತಾರೆ? ಇಲಾಖೆಯವರು ಕನಿಕರಿಸಿ ನನಗೆ ಪಟ್ಟಣದ ಶಾಲೆಗೇ ವರ್ಗ ಮಾಡಿಕೊಟ್ಟರು. ಕೌನ್ಸೆಲಿಂಗಿಗೆ ಹೋಗಿದ್ದರೂ ಅಷ್ಟು ಹತ್ತಿರದ ಜಾಗ ಸಿಗುತ್ತಿರಲಿಲ್ಲ. ಆಚೆ ದಡದ ಆ ಹಳ್ಳಿಗೆ ನಾನು ಮತ್ತೆ ಹೋಗಲಿಲ್ಲ.

ಎರಡು ವರ್ಷದ ಮೇಲೆ ಸಾಕ್ಷಿಗೆಂದು ಕೋರ್ಟಿಗೆ ಕರೆ ಬಂತು. ಜಗಲಿಯಲ್ಲಿ ತೆಪ್ಪದಕ್ಕ ಕೂತಿದ್ದಳು. ತುಂಬಾ ಸಣ್ಣಗಾಗಿದ್ದಳು. ನನ್ನನ್ನು ನೋಡಿ ಎದ್ದು ಹತ್ತಿರ ಬಂದಳು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿ ಎಂದೂ ಅನ್ನಿಸಿತು.

"ಮಗೀಗೆ ಉಬ್ಬಸ ವಾಸಿಯಾಯ್ತಾ?" ಎಂದಳು.

ಕಡಿಮೆಯಾಗಿದೆ ಎಂದೆ. "ಸದ್ಯ" ಎಂದಳು. ನನ್ನ ಪಕ್ಕದಲ್ಲೇ ನಿಂತಿದ್ದಳು. ಆಗ ಹೇಳಬಹುದಿತ್ತು. ಒಳಗೆ ಕರೆದಾಗ ನಿಜ ಹೇಳುತ್ತೇನೆ ಅಕ್ಕ, ಎಂದು ಅಷ್ಟು ಹೇಳಿದ್ದರೂ ಸಾಕಿತ್ತು. ಅಷ್ಟರಲ್ಲಿ ಅವಳ ಹೆಸರು ಕೂಗಿದರು. ಒಳಗೆ ಹೋಗಿ ಅವಳು ತಪ್ಪು ಒಪ್ಪಿಕೊಂಡುಬಿಟ್ಟಳು. ನನ್ನನ್ನು ಕರೆಯುವ ಅಗತ್ಯವೇ ಬೀಳಲಿಲ್ಲ. ಅವಳು ಯಾಕೆ ಹಾಗೆ ಮಾಡಿದಳು... ಓಡಾಡಿ ಸಾಕಾಗಿತ್ತೋ, ನನ್ನ ಮುಖ ನೋಡಿ ನಾನು ಮತ್ತೆ ಇಲ್ಲವೆಂದೇ ಹೇಳುತ್ತೇನೆಂದು ಗೊತ್ತಾಯಿತೋ. ಎರಡನೆಯದೇ ಇರಬೇಕೆಂದು ಈಗ ಅನ್ನಿಸುತ್ತದೆ. ಮೂರು ತಿಂಗಳು ಒಳಗಿದ್ದಳು. ನಾನು ಆ ದಿನ ಕೋರ್ಟಿನಿಂದ ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವಾಗ ನನಗಾಗಿದ್ದು ನಿರಾಳ. ಅದನ್ನೂ ಬರೆಯಬೇಕು.

ಡಾಂಬರು ಹಾಕಿದ ಮರುದಿನ ನಾನು ನರಸೀಪುರದ ಬಸ್ಸು ಹತ್ತಿದೆ. ಈಗ ಬಸ್ಸು ಸೇತುವೆಯ ಮೇಲೆ ಹೊಳೆ ದಾಟಿ ಊರೊಳಕ್ಕೇ ಹೋಗುತ್ತದೆ. ತೆಪ್ಪದಕ್ಕನ ಮನೆ ಕೇಳಿದರೆ ಯಾರಿಗೂ ಗೊತ್ತಾಗಲಿಲ್ಲ. ಶಾಲೆಯ ಹಿಂದಿನ ಬೀದಿ ನೆನಪಿತ್ತು. ಅವಳ ತಂಗಿ ಬಾಗಿಲಲ್ಲಿ ಕೂತು ಹುರುಳಿ ಕೇರುತ್ತಿದ್ದಳು. ಮುಖ ಅಕ್ಕನದೇ.

"ಅಕ್ಕ ಓಗಿ ಅದಿನಾಲ್ಕ್ ವರ್ಷ ಆಯ್ತಲ್ಲ" ಎಂದಳು. "ನೀವು ಯಾರು?"

ಇಲ್ಲಿ ಕೆಲಸ ಮಾಡುತ್ತಿದ್ದ ಟೀಚರು ಎಂದೆ. ಅವಳು ನನ್ನನ್ನು ಗುರುತು ಹಿಡಿಯಲಿಲ್ಲ. ಮೊರ ಕೆಳಗಿಟ್ಟು, ನೀರು ತಂದುಕೊಟ್ಟು, ತಾನಾಗಿಯೇ ಹೇಳತೊಡಗಿದಳು. ಜೈಲಿನಿಂದ ಬಂದ ಮೇಲೆ ಅಕ್ಕ ಹೊಳೆಯ ಕಡೆ ಹೋಗಲೇ ಇಲ್ಲವಂತೆ. ಬಟ್ಟೆ ಒಗೆಯಲೂ ಹೋಗುತ್ತಿರಲಿಲ್ಲವಂತೆ. ಕೂಲಿಗೆ ಹೋದರೆ ಜೊತೆಯವರು ಹತ್ತಿರ ಕೂತು ಉಣ್ಣುತ್ತಿರಲಿಲ್ಲವಂತೆ. ಬೀದಿಯಲ್ಲಿ ಹೋದರೆ ಟೀ ಅಂಗಡಿಯಲ್ಲಿ ಕೂತವರು ಮೇಷ್ಟ್ರನ್ನ ಮುಳುಗಿಸಿದವಳು ಎನ್ನುತ್ತಿದ್ದರಂತೆ.

"ನಾನು ಬ್ಯಾಡ ಅಂದಿದ್ದೆ ಕಣಮ್ಮಿ ಅಂತ ಸಾಯೋ ಗಂಟ ಅಂದ್ಲು. ಆ ಟೀಚರವ್ವ ಒಂದ್ ದಿನ ಬಂದು ಏಳ್ತಾಳೆ ನೋಡು ಅಂತಿದ್ಲು. ಎಲ್ ಬಂದಾಳು."

"ಆ ಟೀಚರು ನಾನೇ" ಎಂದೆ.

ನಾನು ಎಲ್ಲವನ್ನೂ ಹೇಳಿದೆ. ಮಕ್ಕಳಿಲ್ಲದವಳೆಂದು ಆಡಿದ ಮಾತನ್ನೂ ಹೇಳಿದೆ. ಅವಳು ನಾನು ಕುಡಿದಿಟ್ಟಿದ್ದ ಲೋಟವನ್ನು ಎತ್ತಿಕೊಂಡು ಎದ್ದಳು.

"ನಂಗೇಳಿ ಏನ್ ಬಂತು ತಾಯಿ. ನಂಗೆ ಗೊತ್ತಿತ್ತಲ್ಲ. ಆ ಟೀ ಅಂಗ್ಡಿ ತಾವ ಓಗಿ ಏಳಿ. ಅಲ್ಲೇ ಕುಂತ್ಕಂಡು ಅಂದೋರು ಅವರು" ಎಂದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ನಾನು ಹೋದೆ. ಬಸ್ಸು ನಿಲ್ಲುವ ಕಡೆ ಆ ಟೀ ಅಂಗಡಿ ಇನ್ನೂ ಇದೆ. ಐದಾರು ಜನ ಹುಡುಗರು ಬೈಕಿನ ಮೇಲೆ, ಬೆಂಚಿನ ಮೇಲೆ ಕೂತಿದ್ದರು. ನಾನು ನಿಂತುಕೊಂಡೇ, ತರಗತಿಯಲ್ಲಿ ಮಾತಾಡುವ ಹಾಗೆ ಗಟ್ಟಿಯಾಗಿ ಹೇಳಿದೆ. ತೆಪ್ಪದಕ್ಕನ ತಪ್ಪಿರಲಿಲ್ಲ, ಅವಳು ಬೇಡವೆಂದಿದ್ದಳು, ಬಲವಂತ ಮಾಡಿದ್ದು ನಾನು, ಸುಳ್ಳು ಹೇಳಿದ್ದೂ ನಾನು. ಅವರು ಫೋನು ಕೆಳಗಿಟ್ಟು ಮರ್ಯಾದೆಯಿಂದಲೇ ಕೇಳಿಸಿಕೊಂಡರು.

"ಯಾವ ತೆಪ್ಪ ಮೇಡಂ?" ಎಂದ ಒಬ್ಬ. "ಇಲ್ಲಿ ತೆಪ್ಪ ಇತ್ತಾ?"

ಅವಳ ಹೆಸರು ಹೇಳಿದೆ, ಗಂಡನ ಹೆಸರು ಹೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಗಡಿಯವನೂ ಬೇರೆ ಊರಿನಿಂದ ಬಂದವನು. ಹಿಂದೆ ಇಲ್ಲಿ ಕೂತು ಅವಳನ್ನು ಅಂದವರೆಲ್ಲ ಎಲ್ಲಿ ಎಂದು ಕೇಳಿದೆ. ಹಳಬರು ಯಾರೂ ಈಗ ಇಲ್ಲಿ ಕೂರುವುದಿಲ್ಲ, ಬಹಳ ಜನ ಹೋಗಿಬಿಟ್ಟರು ಎಂದ ಅಂಗಡಿಯವನು.

ಬಸ್ಸು ಬಂತು. ಹತ್ತುವಾಗ ಮೊದಲು ಮಾತಾಡಿದ ಹುಡುಗ ನನ್ನ ಚೀಲ ಎತ್ತಿಕೊಟ್ಟ. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು.

"ಬೇಜಾರ್ ಮಾಡ್ಕಬ್ಯಾಡಿ ಮೇಡಂ" ಎಂದ. "ಯಾರಾದ್ರೂ ಕೇಳುದ್ರೆ ಏಳ್ತೀವಿ ಬುಡಿ."